ಮೂಸ್ ನೋಡೋಕೆ ಎಷ್ಟು ಹತ್ತಿರ ಹೋಗಬಹುದು? ಜೂನ್‌ನಲ್ಲಿ ಅಪ್ಪ ಅಮ್ಮನ ಜೊತೆ ಕೊಲೊರಾಡೋ ಕಾಡಿಗೆ ಹೋಗೋರಿಗೆ

ಪ್ರಶ್ನೆ: ನಮಸ್ಕಾರ ಸರ್. ನಾವು ಡೆನ್ವರ್ ಪಕ್ಕ ಅರೋರಾದಲ್ಲಿದ್ದೀವಿ. ಜೂನ್ ಎರಡನೇ ವಾರ ಅಪ್ಪ ಅಮ್ಮ ಸಕಲೇಶಪುರದಿಂದ ಬರ್ತಿದ್ದಾರೆ, ಅಪ್ಪನಿಗೆ ಮೂಸ್ (ಜಿಂಕೆ ಜಾತಿಯಲ್ಲೇ ಅತಿ ದೊಡ್ಡ ಕಾಡುಪ್ರಾಣಿ) ನೋಡ್ಬೇಕು ಅಂತ ತುಂಬಾ ಆಸೆ. ಜೊತೆಗೆ ಆರು ವರ್ಷದ ಮಗಳು, ಒಂದು ಲ್ಯಾಬ್ರಡಾರ್ ನಾಯಿ ಇದೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ. ಹೋದ ವರ್ಷ ನಮ್ಮ ಫ್ರೆಂಡ್ಸ್ ಮೂಸ್‌ನಿಂದ ಹತ್ತು ಹದಿನೈದು ಅಡಿ ದೂರದಲ್ಲೇ ನಿಂತು ಫೋಟೋ ತಗೊಂಡಿದ್ರು, ಅದು ಏನೂ ಮಾಡ್ಲಿಲ್ಲ, ಸುಮ್ನೆ ಮೇಯ್ತಾ ಇತ್ತಂತೆ. ನಿಜವಾಗ್ಲೂ ಅಷ್ಟು ಸಾಧುನಾ? ಎಷ್ಟು ಹತ್ತಿರ ಹೋಗಬಹುದು, ಎಲ್ಲಿ ಹೋದ್ರೆ ಕಾಣುತ್ತೆ, ಮೈಮೇಲೆ ಬಂದ್ರೆ ಏನು ಮಾಡ್ಬೇಕು?

ಉತ್ತರ: ನಮಸ್ಕಾರ. ಮೊದಲು ನೇರ ಉತ್ತರ ಹೇಳ್ಬಿಡ್ತೀನಿ, ಆಮೇಲೆ ಕಾರಣ. ರಾಕಿ ಮೌಂಟೇನ್ ನ್ಯಾಷನಲ್ ಪಾರ್ಕ್‌ನಲ್ಲಿ ಮೂಸ್‌ಗೂ ನಿಮಗೂ ನಡುವೆ ಕಡಿಮೆ ಅಂದ್ರೂ 120 ಅಡಿ, ಅಂದ್ರೆ 36 ಮೀಟರ್ ಇರಲೇಬೇಕು, ಅದು ಪಾರ್ಕಿನ ನಿಯಮ. ಅದೇ ಪಾರ್ಕಲ್ಲಿ ಎಲ್ಕ್ ಅನ್ನೋ ಇನ್ನೊಂದು ದೊಡ್ಡ ಜಿಂಕೆಗೆ 75 ಅಡಿ ಸಾಕು ಅಂತಾರೆ, ಮೂಸ್‌ನ ಮಾತ್ರ ಕರಡಿ ಜೊತೆ ಸೇರಿಸಿ 120 ಅಡಿ ಇಟ್ಟಿದ್ದಾರೆ, ಅದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ತು ಅನ್ಕೊಳ್ಳಿ. ಜೂನ್ ಅಂದ್ರೆ ಮರಿ ಹಾಕಿರೋ ಸಮಯ, ಹಾಗಾಗಿ ನೀವು ಅದರ ಎರಡರಷ್ಟು ದೂರ ಇಟ್ಕೊಳ್ಳಿ ಅಂತೀನಿ ನಾನು. ನಾಯಿನ ಮನೇಲಿ ಬಿಟ್ಟು ಬನ್ನಿ. ಅಮ್ಮನಿಗೆ ಮಂಡಿ ನೋವು ಅಂದ್ರಲ್ಲ, ಅದಕ್ಕೇನೂ ಬೇಜಾರು ಮಾಡ್ಕೋಬೇಡಿ, ಮೂಸ್ ನೋಡೋಕೆ ಕಾರಲ್ಲೇ ಕೂತಿರೋದು ಎಲ್ಲಕ್ಕಿಂತ ಒಳ್ಳೇ ಜಾಗ.

ಈಗ ನಿಮ್ಮ ಫ್ರೆಂಡ್ಸ್ ಹೇಳಿದ ಮಾತು. ಅವರು ಸುಳ್ಳು ಹೇಳ್ತಿಲ್ಲ, ಮೂಸ್ ಹಾಗೇ ಇರುತ್ತೆ, ಜನ ಪಕ್ಕಕ್ಕೆ ಬಂದ್ರೂ ತಲೆ ಎತ್ತಿ ಒಂದು ಸಲ ನೋಡಿ ಮತ್ತೆ ವಿಲ್ಲೋ ಅನ್ನೋ ಹೊಳೆಯಂಚಿನ ಪೊದೆಗೆ ಬಾಯಿ ಹಾಕುತ್ತೆ, ಜಿಂಕೆ ಥರ ಚಂಗನೆ ಹಾರಿ ಓಡಿಹೋಗಲ್ಲ. ಜನ ಇದನ್ನ ನೋಡಿ ಪಾಪದ ಪ್ರಾಣಿ, ಮನುಷ್ಯರಿಗೆ ಒಗ್ಗಿಹೋಗಿದೆ ಅಂತ ಅನ್ಕೊಳ್ತಾರೆ. ಆದ್ರೆ ಅದು ಓಡದೇ ಇರೋದಕ್ಕೆ ಕಾರಣ ಬೇರೇನೇ ಇದೆ. ಮೂಸ್‌ನ ಮುಖ್ಯ ಶತ್ರು ತೋಳ. ತೋಳದ ಹಿಂಡು ಎದುರಾದಾಗ ಓಡೋ ಮೂಸ್‌ನ ಅಟ್ಟಿಸ್ಕೊಂಡು ಹೋಗಿ ಹಿಂದಿನಿಂದ ಹಿಡೀತವೆ, ನಿಂತ ಜಾಗದಲ್ಲೇ ತಿರುಗಿ ನಿಂತು ಮುಂಗಾಲಿನಿಂದ ಒದೆಯೋ ಮೂಸ್‌ನ ಎಷ್ಟೋ ಸಲ ತೋಳಗಳು ಸ್ವಲ್ಪ ಹೊತ್ತು ನೋಡಿ ಬಿಟ್ಟು ಹೋಗ್ತವೆ. ಲೇಕ್ ಸುಪೀರಿಯರ್ ಮಧ್ಯ ಇರೋ ಐಲ್ ರಾಯಲ್ ಅನ್ನೋ ದ್ವೀಪದಲ್ಲಿ 1958ರಿಂದ ತೋಳ-ಮೂಸ್ ಸಂಬಂಧನ ಬಿಡದೇ ಸ್ಟಡಿ ಮಾಡ್ತಾ ಬಂದಿದ್ದಾರೆ, ಅಲ್ಲಿ ಇದನ್ನ ಕಣ್ಣಾರೆ ನೋಡಿ ಬರೆದಿಟ್ಟಿದ್ದಾರೆ. ಅಂದ್ರೆ ಅಪಾಯ ಬಂದಾಗ ನಿಲ್ಲೋದೇ ಈ ಪ್ರಾಣಿಯ ಅಭ್ಯಾಸ. ನೀವು ಹದಿನೈದು ಅಡಿಗೆ ಹೋದಾಗ ಅದು ನಿಂತೇ ಇದೆ ಅಂದ್ರೆ ನಿಮ್ಮನ್ನ ಒಪ್ಪಿಕೊಂಡಿದೆ ಅಂತ ಅರ್ಥ ಮಾಡ್ಕೋಬೇಡಿ, ಮುಂದಿನ ಹೆಜ್ಜೆ ಏನು ಅಂತ ಅದು ಇನ್ನೂ ತೀರ್ಮಾನ ಮಾಡಿಲ್ಲ ಅಷ್ಟೇ. ಓಡಿಹೋಗೋ ಪ್ರಾಣಿ ಆದ್ರೆ ದೂರ ಎಷ್ಟಿರಬೇಕು ಅಂತ ಅದೇ ಹೇಳಿಬಿಡುತ್ತೆ, ಮೂಸ್ ಹಾಗೆ ಹೇಳಲ್ಲ, ಆ ಕೆಲಸ ನಾವೇ ಮಾಡ್ಬೇಕು.

ನಿಮ್ಮ ಅಪ್ಪ ಸಕಲೇಶಪುರದ ಕಡೆಯವರು ಅಂದ್ರೆ ಅವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ತೋಟದ ಅಂಚಲ್ಲಿ ಕಾಟಿ (ಕಾಡುಕೋಣ) ಮೇಯ್ತಾ ನಿಂತಿದ್ರೆ ಅಲ್ಲಿನ ಜನ ಏನು ಮಾಡ್ತಾರೆ, ಮಾತು ನಿಲ್ಲಿಸಿ, ಬಂದ ದಾರೀಲೇ ಮೆಲ್ಲಗೆ ಹಿಂದೆ ಸರಿದು, ಅದು ದಾಟಿ ಹೋಗೋವರೆಗೂ ಕಾಯ್ತಾರೆ, ಯಾರೂ ಹತ್ರ ಹೋಗಿ ಮುಖಕ್ಕೆ ಫೋನ್ ಹಿಡಿಯಲ್ಲ. ಮೂಸ್ ವಿಷಯದಲ್ಲೂ ಅಪ್ಪ ಹಾಗೇ ನಡ್ಕೊಂಡ್ರೆ ಸಾಕು. ಅವರು 'ಸಾಕು, ಇಲ್ಲೇ ನಿಲ್ಲೋಣ' ಅಂದ್ರೆ ಅಲ್ಲೇ ನಿಂತುಬಿಡಿ, ಅಲ್ಲಿ ಸುತ್ತಮುತ್ತ ನಿಂತಿರೋ ಟೂರಿಸ್ಟ್‌ಗಳನ್ನ ನೋಡಿ ಮುಂದೆ ಹೋಗ್ಬೇಡಿ.

ಸೈಜ್ ಬಗ್ಗೆ ಒಂದು ಅಂದಾಜು ಇರ್ಲಿ. ಇಲ್ಲಿನ ರಾಕೀಸ್ ಬೆಟ್ಟಗಳಲ್ಲಿರೋದು ಶಿರಾಸ್ ಅನ್ನೋ ಉಪಜಾತಿ, ಉತ್ತರ ಅಮೆರಿಕದ ಮೂಸ್‌ಗಳಲ್ಲೇ ಚಿಕ್ಕದು, ಆದ್ರೂ ದೊಡ್ಡ ಗಂಡು ಹೆಗಲ ಹತ್ರ ಸುಮಾರು ಆರು ಅಡಿ, ತೂಕ 400 ಕೆಜಿ ಆಸುಪಾಸು. ಅಲಾಸ್ಕಾದ್ದು 600 ಕೆಜಿ ದಾಟುತ್ತೆ. ಆ ಉದ್ದ ಕಾಲು ನೋಡಿ ನಿಧಾನ ಅನ್ಕೋಬೇಡಿ, ಗಂಟೆಗೆ ಸುಮಾರು 55 ಕಿಲೋಮೀಟರ್ ಓಡುತ್ತೆ, ನಿಂತ ನಿಲುವಲ್ಲಿಂದ ಆ ವೇಗಕ್ಕೆ ಬರೋಕೆ ಜಾಸ್ತಿ ಹೊತ್ತು ಬೇಡ. 15 ಅಡಿ ದೂರ ಅಂದ್ರೆ ಅದಕ್ಕೆ ಎರಡು ಮೂರು ಹೆಜ್ಜೆ. ಜನ ಕೊಂಬಿಗೆ ಹೆದರ್ತಾರೆ, ಆದ್ರೆ ಪೆಟ್ಟು ಬೀಳೋದು ಜಾಸ್ತಿ ಗೊರಸಿನಿಂದ, ಕೊಂಬೇ ಇಲ್ಲದ ಹೆಣ್ಣು ಮೂಸ್ ಮುಂಗಾಲೆತ್ತಿ ಬಡಿಯೋದನ್ನ ಮೊದಲು ನೆನಪಿಟ್ಕೊಳ್ಳಿ.

ದೂರ ಅಳೆಯೋದು ಹೇಗೆ ಅಂತ ಕೇಳ್ತೀರಿ. 120 ಅಡಿ ಅಂದ್ರೆ ಮೂರು ಬಸ್ಸನ್ನ ಸಾಲಾಗಿ ನಿಲ್ಲಿಸಿದಷ್ಟು ಅಂತ ಪಾರ್ಕಿನವರು ಹೇಳ್ತಾರೆ. ಇನ್ನೊಂದು ಸುಲಭದ ಉಪಾಯ, ಕೈ ಪೂರ್ತಿ ಮುಂದಕ್ಕೆ ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ, ಪ್ರಾಣಿ ಪೂರ್ತಿ ಹೆಬ್ಬೆರಳ ಹಿಂದೆ ಮುಚ್ಚಿಹೋಗ್ಬೇಕು. ಲೆಕ್ಕ ಹಾಕಿದ್ರೆ ಇದು ಪಾರ್ಕಿನ ನಿಯಮಕ್ಕಿಂತ ಬಿಗಿ ಇದೆ, ಹೆಬ್ಬೆರಳ ಅಗಲ ಎರಡು ಸೆಂಟಿಮೀಟರ್, ಕಣ್ಣಿಂದ ಅದರ ದೂರ ಅರವತ್ತು ಸೆಂಟಿಮೀಟರ್ ಚಿಲ್ಲರೆ, ಅಡ್ಡ ನಿಂತಿರೋ ಎರಡೂವರೆ ಮೀಟರ್ ಉದ್ದದ ಮೂಸ್ ಅದರ ಹಿಂದೆ ಮುಚ್ಚಿಹೋಗ್ಬೇಕಾದ್ರೆ ಹೆಚ್ಚುಕಮ್ಮಿ 75 ಮೀಟರ್ ದೂರ ಇರ್ಬೇಕು. ಮೇಲೆ ಎರಡರಷ್ಟು ದೂರ ಅಂದೆನಲ್ಲ, ಅದು ಇದೇ. ಮಗಳಿಗೆ ಇದನ್ನ ಆಟದ ಥರ ಕಲಿಸಿಕೊಡಿ, 'ಮುಚ್ಚಿತಾ ಇಲ್ವಾ' ಅಂತ ಅವಳೇ ಚೆಕ್ ಮಾಡ್ಲಿ, ಮಕ್ಕಳು ಇಂಥ ಜವಾಬ್ದಾರಿ ಕೊಟ್ರೆ ದೊಡ್ಡವರಿಗಿಂತ ಗಟ್ಟಿಯಾಗಿ ಪಾಲಿಸ್ತಾರೆ.

ಫೋಟೋಗೆ ಹತ್ರ ಹೋಗ್ಬೇಕಲ್ವಾ ಅಂತೀರಾ, ಬೇಕಾಗಿಲ್ಲ. 400 ಎಂಎಂ ಲೆನ್ಸ್ ಇರೋ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 36 ಮೀಟರ್ ದೂರದಲ್ಲಿ ಫ್ರೇಮಿನ ಅಗಲ ಮೂರು ಮೀಟರ್ ಚಿಲ್ಲರೆ ಬರುತ್ತೆ, ಅಂದ್ರೆ ಮೂಸ್ ಅದರಲ್ಲಿ ಮೂಗಿಂದ ಬಾಲದವರೆಗೆ ತುಂಬಿಕೊಳ್ಳುತ್ತೆ, ಇನ್ನೂ ಮುಂದೆ ಹೋದ್ರೆ ಕಾಲು ಕಟ್ ಆಗುತ್ತೆ ಅಷ್ಟೇ. 75 ಮೀಟರಿಂದ ತೆಗೆದ್ರೆ ಸುತ್ತಲಿನ ಹೊಳೆ, ಪೊದೆ, ಹಿಂದಿನ ಬೆಟ್ಟ ಎಲ್ಲಾ ಸೇರಿ ಇನ್ನೂ ಚೆನ್ನಾಗಿರುತ್ತೆ. ಫೋನ್ ಮಾತ್ರ ಇದ್ರೆ ಒಂದು ಬೈನಾಕ್ಯುಲರ್ ತಗೊಳ್ಳಿ, 8x42 ಅನ್ನೋ ಸೈಜು, ಮುಂಜಾನೆಯ ಮಬ್ಬಲ್ಲೂ ಚೆನ್ನಾಗಿ ಕಾಣುತ್ತೆ, ಫೋನಿನ ಕ್ಯಾಮೆರಾನ ಅದರ ಕಣ್ಣಿಗಿಟ್ಟು ಫೋಟೋನೂ ತೆಗೀಬಹುದು. ವಯಸ್ಸಾದವರಿಗೆ ಬೈನಾಕ್ಯುಲರ್‌ನಲ್ಲಿ ಮೂಸ್‌ನ ರೆಪ್ಪೆ ಕೂದಲು, ಗಂಟಲ ಕೆಳಗೆ ಜೋತಾಡೋ ಚರ್ಮ, ನೀರಿಂದ ಎತ್ತಿದ ಮೂತಿಯಿಂದ ಸೋರೋ ಹನಿ ಎಲ್ಲಾ ಕಾಣಿಸಿದಾಗ ಆಗೋ ಖುಷಿ ಸೆಲ್ಫಿಯಲ್ಲಿ ಸಿಗಲ್ಲ, ಇದನ್ನ ಅಷ್ಟು ಖಚಿತವಾಗಿ ಹೇಳ್ತೀನಿ.

ಜೂನ್ ಯಾಕೆ ನಾಜೂಕು ಅನ್ನೋದು ಈಗ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಹೆಣ್ಣು ಮೂಸ್ ಮರಿ ಹಾಕುತ್ತೆ, ಸಾಮಾನ್ಯವಾಗಿ ಒಂದು, ಕೆಲವೊಮ್ಮೆ ಅವಳಿ. ಮರಿ ಕೆಂಪು ಕಂದು ಬಣ್ಣ, ಮೊದಲ ದಿನಗಳಲ್ಲಿ ಪೊದೆಯೊಳಗೆ ಅಲ್ಲಾಡದೇ ಮಲಗಿರುತ್ತೆ, ತಾಯಿ ಅಲ್ಲೇ ಸುತ್ತಮುತ್ತ ಮೇಯ್ತಿರುತ್ತೆ. ನಿಮಗೆ ಕಾಣೋದು ತಾಯಿ ಒಂದೇ, ಅಥವಾ ಮರಿ ಒಂದೇ, ಇದೇ ದೊಡ್ಡ ತೊಂದರೆ. ಗೊತ್ತಿಲ್ಲದೇ ಎರಡರ ಮಧ್ಯ ನಡೆದುಬಿಡ್ತೀರಿ. ಮೂಸ್ ದಾಳಿಗಳಲ್ಲಿ ಅತೀ ಗಂಭೀರವಾದವು ಎಷ್ಟೋ ಇದೇ ಹೊತ್ತಲ್ಲಿ ಆಗಿರೋದು. 2024ರ ಮೇನಲ್ಲಿ ಅಲಾಸ್ಕಾದ ಹೋಮರ್ ಅನ್ನೋ ಊರಲ್ಲಿ 70 ವರ್ಷದ ಒಬ್ಬರು ಆಗಷ್ಟೇ ಹುಟ್ಟಿದ ಮರಿಗಳ ಫೋಟೋ ತೆಗೆಯೋಕೆ ಹೋದಾಗ ತಾಯಿ ಮೂಸ್ ದಾಳಿ ಮಾಡಿ ತೀರಿಕೊಂಡ್ರು. ಹಾಗಾಗಿ ನಿಮ್ಮ ಗುಂಪಿಗೆ ನನ್ನ ಮಾತು ಇಷ್ಟು, ಜೂನ್‌ನಲ್ಲಿ ಹೆಣ್ಣು ಮೂಸ್ ಒಂಟಿಯಾಗಿ ಕಂಡ್ರೆ ಮರಿ ಇದೆ ಅಂತಲೇ ತಿಳ್ಕೊಳ್ಳಿ, ಮರಿ ಒಂಟಿಯಾಗಿ ಕಂಡ್ರೆ ತಾಯಿ ನಿಮ್ಮನ್ನ ನೋಡ್ತಾ ಇದೆ ಅಂತಲೇ ತಿಳ್ಕೊಳ್ಳಿ, ಬಂದ ದಾರೀಲೇ ವಾಪಸ್ ಬನ್ನಿ. ಪಾಪ ತಾಯಿ ಬಿಟ್ಟು ಹೋಗಿದೆ ಅಂತ ಮರಿ ಹತ್ರ ಹೋಗೋದು, ಮುಟ್ಟೋದು, ನೀರು ಕೊಡೋದು ಯಾವುದೂ ಬೇಡ.

ಗಂಡು ಮೂಸ್ ಜೂನ್‌ನಲ್ಲಿ ಅಷ್ಟು ತಂಟೆಯದ್ದಲ್ಲ, ಕೊಂಬು ಆಗಿನ್ನೂ ಬೆಳೀತಾ ಇರುತ್ತೆ, ಮೇಲೆ ಮೃದುವಾದ ರೋಮದ ಚರ್ಮ ಇರುತ್ತೆ, ಎರಡು ಮೂರು ಗಂಡುಗಳು ಒಟ್ಟಿಗೆ ಮೇಯೋದೂ ಕಾಣುತ್ತೆ. ಆದ್ರೆ ದೂರದ ನಿಯಮ ಅದಕ್ಕೂ ಅಷ್ಟೇ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬೆದೆಯ ಕಾಲ, ಆಗ ಗಂಡಿನ ಸಮಾಚಾರವೇ ಬೇರೆ, ಮೇಯೋದನ್ನೇ ಬಿಟ್ಟು ಪೊದೆಗೆ ಕೊಂಬು ತಿಕ್ತಾ ಓಡಾಡುತ್ತೆ, ಎದುರಿಗೆ ಏನು ಕಂಡ್ರೂ ಸಹಿಸಲ್ಲ. ಯಾವತ್ತಾದ್ರೂ ಆ ಸಮಯಕ್ಕೆ ಹೋದ್ರೆ ಇದು ನೆನಪಿರ್ಲಿ, ಮೂಸ್ ಕೂಗನ್ನ ಅನುಕರಿಸಿ ಕರೆಯೋ ಪ್ರಯತ್ನ ಅಂತೂ ಬೇಡವೇ ಬೇಡ.

ನಾಯಿ ವಿಷಯ. ನಿಮ್ಮ ಲ್ಯಾಬ್ರಡಾರ್ ತುಂಬಾ ಸಾಧು ಇರಬಹುದು, ಮೂಸ್ ಕಣ್ಣಿಗೆ ಅದು ತೋಳ. ಕೊಲೊರಾಡೋದಲ್ಲಿ ತೋಳಗಳು ಹೋದ ಶತಮಾನದ ಮಧ್ಯದ ಹೊತ್ತಿಗೇ ಇಲ್ಲವಾಗಿದ್ವು, 2023ರ ಡಿಸೆಂಬರ್‌ನಲ್ಲಿ ಆರೆಗನ್‌ನಿಂದ ಹತ್ತು ತೋಳ ತಂದು ಬಿಟ್ರು, ಆದ್ರೆ ತೋಳನೇ ನೋಡದ ಮೂಸ್ ಕೂಡ ನಾಯಿ ಕಂಡ್ರೆ ಅದೇ ಥರ ತಿರುಗಿ ಬೀಳುತ್ತೆ. ಆಮೇಲೆ ಏನಾಗುತ್ತೆ ಅಂದ್ರೆ, ನಾಯಿ ಬೊಗಳುತ್ತೆ, ಮೂಸ್ ಅಟ್ಟಿಸ್ಕೊಂಡು ಬರುತ್ತೆ, ನಾಯಿ ಹೆದರಿ ಸೀದಾ ಯಜಮಾನರ ಹತ್ರ ಓಡಿ ಬರುತ್ತೆ, ಹಿಂದೆ ಮೂಸ್. ಇಲ್ಲಿ ಮನುಷ್ಯರಿಗೆ ಪೆಟ್ಟಾದ ಘಟನೆಗಳಲ್ಲಿ ಹೆಚ್ಚಿನವುಗಳಲ್ಲಿ ನಾಯಿ ಇತ್ತು ಅಂತ ಕೊಲೊರಾಡೋ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯವರು ವರ್ಷವರ್ಷವೂ ಎಚ್ಚರಿಸ್ತಾರೆ. ರಾಕಿ ಮೌಂಟೇನ್ ಪಾರ್ಕಿನ ಟ್ರೇಲ್‌ಗಳಲ್ಲಿ (ನಡೆಯೋ ದಾರಿಗಳಲ್ಲಿ) ನಾಯಿಗೆ ಪ್ರವೇಶವೇ ಇಲ್ಲ, ಕಾರಲ್ಲಿ ಬಿಟ್ಟು ಹೋಗೋದು ಬಿಸಿಲಲ್ಲಿ ಅದಕ್ಕೆ ಅಪಾಯ. ಎರಡು ದಿನಕ್ಕೆ ಬೋರ್ಡಿಂಗ್‌ನಲ್ಲೋ ಫ್ರೆಂಡ್ಸ್ ಮನೇಲೋ ಬಿಡಿ.

ಎಲ್ಲಿ ಕಾಣುತ್ತೆ ಅಂತ ಕೇಳಿದ್ರಿ. ಇವತ್ತು ಇಲ್ಲಿ ಮೂಸ್ ಇಷ್ಟು ಸುಲಭವಾಗಿ ಕಾಣೋದರ ಹಿಂದೆ ಒಂದು ಕಥೆ ಇದೆ, ಅಪ್ಪನಿಗೆ ಖಂಡಿತಾ ಇಷ್ಟ ಆಗುತ್ತೆ, ದಾರೀಲಿ ಹೇಳಿ. ಮೊದಲೆಲ್ಲಾ ಪಕ್ಕದ ರಾಜ್ಯಗಳಿಂದ ಅಲ್ಲೊಂದು ಇಲ್ಲೊಂದು ದಾಟಿ ಬರ್ತಿತ್ತೇ ಹೊರತು ಕೊಲೊರಾಡೋದಲ್ಲಿ ನೆಲೆಯಾದ ಮೂಸ್ ಹಿಂಡು ಇರಲಿಲ್ಲ. 1978 ಮತ್ತು 1979ರಲ್ಲಿ ಯೂಟಾ, ವಯೋಮಿಂಗ್‌ನಿಂದ ಒಟ್ಟು 24 ಮೂಸ್‌ಗಳನ್ನ ಹಿಡಿದು ತಂದು ವಾಲ್ಡನ್ ಊರಿನ ಹತ್ರ ನಾರ್ತ್ ಪಾರ್ಕ್ ಅನ್ನೋ ಕಣಿವೆಯಲ್ಲಿ ಬಿಟ್ರು. ಅಲ್ಲಿಂದ ಅವು ಹಬ್ಬಿದ್ವು, ಮುಂದೆ ಬೇರೆ ಜಾಗಗಳಲ್ಲೂ ತಂದು ಬಿಟ್ರು, ಈಗ ರಾಜ್ಯದಲ್ಲಿ ಸುಮಾರು ಮೂರು ಸಾವಿರ ಇವೆ. ಇದರ ಇನ್ನೊಂದು ಮುಖನೂ ಇದೆ, ರಾಕಿ ಮೌಂಟೇನ್ ಪಾರ್ಕಿನ ಕವುನೀಚಿ ಅನ್ನೋ ಕಣಿವೆಯಲ್ಲಿ ಮೂಸ್ ಎಲ್ಕ್ ಎರಡೂ ಸೇರಿ ವಿಲ್ಲೋ ಪೊದೆಗಳನ್ನ ಮೇಯ್ದು ಮೇಯ್ದು, ಅದನ್ನೇ ನಂಬಿದ್ದ ಬೀವರ್ ಅನ್ನೋ ಪ್ರಾಣಿಗಳು ಕಮ್ಮಿಯಾಗಿ, ಅವು ಕಟ್ತಿದ್ದ ಒಡ್ಡುಗಳು ಹೋಗಿ, ಜೌಗು ಒಣಗ್ತಾ ಬಂದಿದೆ, ಅದಕ್ಕೇ ಅಲ್ಲಲ್ಲಿ ಬೇಲಿ ಹಾಕಿ ಪೊದೆ ಬೆಳೆಸ್ತಿದ್ದಾರೆ. ಬೇಲಿ ಕಂಡ್ರೆ ಯಾಕೆ ಅಂತ ಗೊತ್ತಿರ್ಲಿ.

ನಿಮಗೆ ನಾನು ಹೇಳೋ ಜಾಗ ಈ ಕವುನೀಚಿ ಕಣಿವೆಯೇ, ರಾಕಿ ಮೌಂಟೇನ್ ಪಾರ್ಕಿನ ಪಶ್ಚಿಮ ಭಾಗ, ಗ್ರ್ಯಾಂಡ್ ಲೇಕ್ ಕಡೆಯಿಂದ ಒಳಗೆ ಹೋಗೋದು. ಎಲ್ಲರೂ ಪೂರ್ವದ ಎಸ್ಟೆಸ್ ಪಾರ್ಕ್ ಅನ್ನೋ ಊರಿನ ಕಡೆ ಹೋಗ್ತಾರೆ, ಅಲ್ಲಿ ಎಲ್ಕ್ ಜಾಸ್ತಿ, ಮೂಸ್‌ಗೆ ಪಶ್ಚಿಮವೇ ಮೇಲು. ಕೊಲೊರಾಡೋ ನದಿ ಇಲ್ಲಿ ಇನ್ನೂ ಪುಟ್ಟ ಹೊಳೆ, ಅದರ ಎರಡೂ ಕಡೆ ಹುಲ್ಲು, ವಿಲ್ಲೋ, ರಸ್ತೆ ಪಕ್ಕದಲ್ಲೇ ಹೋಗುತ್ತೆ, ಕಾರು ನಿಲ್ಲಿಸೋಕೆ ಜಾಗ ಬೇಕಾದಷ್ಟು. ಕಯೋಟಿ ವ್ಯಾಲಿ ಟ್ರೇಲ್ ಅಂತ ಒಂದಿದೆ, ಹೋಗಿ ಬರೋದು ಸೇರಿ ಸುಮಾರು ಒಂದು ಮೈಲಿ, ಸಮತಟ್ಟು, ವೀಲ್‌ಚೇರ್ ಹೋಗೋ ಹಾಗೆ ಮಾಡಿದ್ದಾರೆ, ಅಮ್ಮ ಮಂಡಿ ನೋವಲ್ಲೂ ನಿಧಾನಕ್ಕೆ ನಡೀಬಹುದು. ಆದ್ರೆ ಟ್ರೇಲ್‌ಗೆ ಕಾಲಿಡೋ ಮುಂಚೆ ಪಾರ್ಕಿಂಗ್‌ನಲ್ಲೇ ನಿಂತು ಬೈನಾಕ್ಯುಲರ್‌ನಲ್ಲಿ ಎರಡೂ ಕಡೆ ಪೊದೆ ಎಲ್ಲಾ ಹುಡುಕಿ, ಹತ್ರದಲ್ಲಿ ತಾಯಿ ಮರಿ ಇದ್ರೆ ಆವತ್ತು ಟ್ರೇಲ್ ಬಿಟ್ಟುಬಿಡಿ.

ಗ್ರ್ಯಾಂಡ್ ಲೇಕ್‌ನಲ್ಲಿ ಹಿಂದಿನ ರಾತ್ರಿ ಉಳ್ಕೊಂಡ್ರೆ ಒಳ್ಳೇದು. ಊರೇ 8,300 ಅಡಿ ಮೇಲಿದೆ, ಸಕಲೇಶಪುರದಿಂದ ಬಂದ ತಕ್ಷಣ ಕರ್ಕೊಂಡು ಹೋಗ್ಬೇಡಿ, ಅರೋರಾದಲ್ಲಿ ಮೂರು ನಾಲ್ಕು ದಿನ ಕಳೆದು ಮೈ ಒಗ್ಗಲಿ, ನೀರು ಚೆನ್ನಾಗಿ ಕುಡಿಸಿ. ಎಸ್ಟೆಸ್ ಪಾರ್ಕ್ ಕಡೆಯಿಂದ ಪಾರ್ಕ್ ದಾಟಿ ಬರೋ ಟ್ರೇಲ್ ರಿಡ್ಜ್ ರೋಡ್ ಮೇಲೆ ಹೋದ್ರೆ 12,183 ಅಡಿಗೆ ಏರುತ್ತೆ, ಅಪ್ಪ ಅಮ್ಮನಿಗೆ ಬಿಪಿ, ಹೃದಯದ ತೊಂದರೆ ಏನಾದ್ರೂ ಇದ್ರೆ ಡಾಕ್ಟರನ್ನ ಕೇಳದೇ ಆ ದಾರಿ ಹಿಡೀಬೇಡಿ, ಬರ್ಥೌಡ್ ಪಾಸ್ ಅನ್ನೋ ಘಾಟಿ ಕಡೆಯಿಂದ ಬನ್ನಿ, ಅದೂ 11,000 ಅಡಿ ದಾಟುತ್ತೆ ಆದ್ರೆ ಬೇಗ ಇಳಿದುಬಿಡ್ತೀರಿ. ಪಾರ್ಕಿಗೆ ಈಚಿನ ವರ್ಷಗಳಲ್ಲಿ ಮೇ ಕೊನೆಯಿಂದ ಟೈಮ್ಡ್ ಎಂಟ್ರಿ ಅಂತ ಮುಂಗಡ ಬುಕಿಂಗ್ ಮಾಡಿದ್ದಾರೆ, ಈ ಪಶ್ಚಿಮ ಭಾಗಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಮಧ್ಯಾಹ್ನ 2ರ ನಂತರ ಅದು ಬೇಕಾಗ್ತಿರಲಿಲ್ಲ, ಹೊರಡೋ ಮುಂಚೆ ಪಾರ್ಕಿನ ವೆಬ್‌ಸೈಟಲ್ಲಿ ಆ ವರ್ಷದ್ದು ನೋಡ್ಕೊಳ್ಳಿ.

ಹೇಗೂ ನೀವು ಹೋಗ್ಬೇಕಾದ್ದು ಬೆಳಗಿನ ಜಾವವೇ. ಮೂಸ್ ಚಳಿ ದೇಶದ ಪ್ರಾಣಿ, ಬೇಸಿಗೆಯಲ್ಲಿ ಸುಮಾರು 14 ಡಿಗ್ರಿ ಸೆಲ್ಸಿಯಸ್ ದಾಟಿದ್ರೇ ಅದಕ್ಕೆ ಸೆಕೆ, 20 ದಾಟಿದ್ರೆ ಏದುಸಿರು ಬಿಡೋಕೆ ಶುರು ಮಾಡುತ್ತೆ. ನಮಗೆ ಸ್ವೆಟರ್ ಬೇಕು ಅನ್ನಿಸೋ ಹವೆ ಅದಕ್ಕೆ ಬಿಸಿ. ಹಾಗಾಗಿ ಬಿಸಿಲೇರಿದ ಮೇಲೆ ಮರದ ನೆರಳಿಗೋ ದಟ್ಟ ಪೊದೆಗೋ ಹೋಗಿ ಮಲಗಿಬಿಡುತ್ತೆ. ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ, ಸಂಜೆ ಆರರ ಮೇಲೆ, ಈ ಎರಡು ಹೊತ್ತು ಹುಲ್ಲಿಗೆ ಬರುತ್ತೆ. ಮಧ್ಯಾಹ್ನ ಹೋದವರು ಪ್ರಾಣಿ ಕಾಣ್ಲಿಲ್ಲ ಅಂತ ಪೊದೆ ನುಗ್ಗಿ ಹುಡುಕ್ತಾರೆ, ಅದು ತುಂಬಾ ತಪ್ಪು. ವಿಲ್ಲೋ ಪೊದೆ ಆಳೆತ್ತರ ಬೆಳೆದಿರುತ್ತೆ, ಹೊಳೆ ಸದ್ದಲ್ಲಿ ಅದಕ್ಕೂ ನಿಮ್ಮ ಹೆಜ್ಜೆ ಕೇಳಲ್ಲ, ನಿಮಗೂ ಅದರ ಉಸಿರು ಕೇಳಲ್ಲ, ಮಲಗಿರೋ ಮೂಸ್‌ನ ಹತ್ತು ಅಡಿಯಲ್ಲಿ ಎಬ್ಬಿಸಿಬಿಡ್ತೀರಿ. ಮೂಸ್‌ಗೆ ಕಣ್ಣು ಅಷ್ಟು ಚುರುಕಿಲ್ಲ, ಮೂಗು ಕಿವಿ ತುಂಬಾ ಚುರುಕು, ಆದ್ರೆ ಗಾಳಿ, ನೀರು ಅವೆರಡನ್ನೂ ಮುಚ್ಚಿಹಾಕಬಹುದು. ಪೊದೆ ನಡುವೆ ನಡೀಲೇಬೇಕಾಗಿ ಬಂದ್ರೆ ಮಾತಾಡ್ತಾ ನಡೀರಿ, ಮಗಳು ನಿಮ್ಮ ಕೈ ಹಿಡ್ಕೊಂಡೇ ಇರ್ಲಿ, ಮುಂದೆ ಓಡೋದು ಬೇಡ.

ಕಾರಿಂದ ನೋಡೋವಾಗ ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಹಾರ್ನ್ ಬೇಡ, ಶಿಳ್ಳೆ ಬೇಡ. ಮೂಸ್ ಇರೋ ಕಡೆಯ ಡೋರ್ ತೆಗೆದು ಇಳೀಬೇಡಿ. ಹತ್ತು ಕಾರು ನಿಂತು ಗುಂಪು ಮುಂದೆ ಮುಂದೆ ಹೋಗ್ತಿದ್ರೆ ನೀವು ಕಾರಲ್ಲೇ ಇರಿ, ಅಥವಾ ಹೊರಟು ಮುಂದಿನ ಜಾಗ ನೋಡಿ, ಗುಂಪು ಮೂರು ಕಡೆಯಿಂದ ಸುತ್ತುವರಿದಾಗ ಅದಕ್ಕೆ ಹೋಗೋಕೆ ದಾರಿ ಉಳಿಯೋದು ಜನರ ಮೇಲೇನೇ. ಹಾಗೇನಾದ್ರೂ ಕಂಡ್ರೆ ರೇಂಜರ್‌ಗೆ ಹೇಳಿ, ಅದು ಚಾಡಿ ಹೇಳಿದ ಹಾಗಲ್ಲ, ದಯವಿಟ್ಟು ಹೇಳಿ. 1995ರಲ್ಲಿ ಅಲಾಸ್ಕಾದ ಆಂಕರೇಜ್‌ನ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ ಕೆಲವರು ಒಂದು ಮೂಸ್‌ಗೆ ಹಿಮದ ಉಂಡೆ ಎಸೆದು ಕೆಣಕಿದ್ರು, ಆಮೇಲೆ ಅದು ತುಳಿದಿದ್ದು ಕಟ್ಟಡದೊಳಕ್ಕೆ ಹೋಗ್ತಿದ್ದ 71 ವರ್ಷದ ಒಬ್ಬರನ್ನ, ಅವರು ತೀರಿಕೊಂಡ್ರು. ಒಬ್ಬರು ಕೆಣಕಿದ್ದಕ್ಕೆ ಇನ್ನೊಬ್ಬರು ಪ್ರಾಣ ಕೊಡೋ ಹಾಗಾಗುತ್ತೆ, ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಸಂಕಟ ಆಗೋದು ಇದಕ್ಕೇ. ತಿನ್ನೋಕೆ ಹಾಕೋದು ಕೊಲೊರಾಡೋದಲ್ಲಿ ಕಾನೂನಿಗೇ ವಿರುದ್ಧ. ಚಳಿಗಾಲದಲ್ಲಿ ರಸ್ತೆಗೆ ಹಾಕೋ ಉಪ್ಪು ಕಾರಿಗೆ ಮೆತ್ತಿದ್ರೆ ಮೂಸ್ ಬಂದು ನೆಕ್ಕುತ್ತೆ, ಕೆನಡಾದ ಜಾಸ್ಪರ್‌ನಲ್ಲಿ 'ಮೂಸ್‌ಗೆ ಕಾರು ನೆಕ್ಕೋಕೆ ಬಿಡಬೇಡಿ' ಅಂತ ಬೋರ್ಡೇ ಹಾಕಿದ್ರು, ಹಾಗೇನಾದ್ರೂ ಹತ್ರ ಬಂದ್ರೆ ಗಾಜು ಏರಿಸಿ ಮೆಲ್ಲಗೆ ಹೊರಡಿ.

ಅದಕ್ಕೆ ಸಿಟ್ಟು ಬರ್ತಿದೆ ಅನ್ನೋದು ಹೇಗೆ ಗೊತ್ತಾಗುತ್ತೆ ಅಂದ್ರೆ, ಮೊದಲ ಸೂಚನೆ ಮೇಯೋದು ನಿಲ್ಲಿಸಿ ನಿಮ್ಮನ್ನೇ ನೋಡೋದು. ಬಹಳ ಜನ ಇದನ್ನ ಪೋಸ್ ಅನ್ಕೊಂಡು ಕ್ಲಿಕ್ ಮಾಡ್ತಾ ನಿಲ್ತಾರೆ, ವಾಪಸ್ ಹೆಜ್ಜೆ ಇಡಬೇಕಾದ್ದು ಆಗಲೇ. ಆಮೇಲೆ ಕಿವಿ ಹಿಂದಕ್ಕೆ ಮಲಗುತ್ತೆ, ಹೆಗಲ ಮೇಲಿನ ಗೂನಿನ ಉದ್ದ ಕೂದಲು ನೆಟ್ಟಗಾಗುತ್ತೆ, ತುಟಿ ನೆಕ್ಕುತ್ತೆ, ತಲೆ ತಗ್ಗಿಸಿ ನಿಮ್ಮ ಕಡೆಗೇ ನಡ್ಕೊಂಡು ಬರುತ್ತೆ. ನಡ್ಕೊಂಡು ಬರೋ ಮೂಸ್ ಮಾತಾಡಿಸೋಕೆ ಬರ್ತಿಲ್ಲ, ಜಾಗ ಬಿಡಿ ಅಂತಿದೆ. ಕಿವಿ, ಕೂದಲು ಈ ಎರಡನ್ನ ಬೈನಾಕ್ಯುಲರಲ್ಲಿ ನೋಡ್ತಾ ಇರೋದನ್ನ ಅಭ್ಯಾಸ ಮಾಡ್ಕೊಳ್ಳಿ.

ಮೈಮೇಲೆ ಬಂದೇ ಬಂತು ಅಂದ್ರೆ, ಕರಡಿಗೆ ಹೇಳೋ ಮಾತು ಇಲ್ಲಿಗೆ ಅನ್ವಯಿಸಲ್ಲ. ಕರಡಿ ಎದುರು ಓಡಬಾರದು ಅಂತಾರೆ, ಮೂಸ್ ಎದುರು ಓಡಬಹುದು, ಓಡಬೇಕು. ಅದಕ್ಕೆ ನಿಮ್ಮನ್ನ ತಿನ್ನೋ ಆಸೆ ಇಲ್ಲ, ದೂರ ಕಳಿಸಿದ್ರೆ ಆಯ್ತು, ಸಾಮಾನ್ಯವಾಗಿ ಬಹಳ ದೂರ ಅಟ್ಟಿಸ್ಕೊಂಡು ಬರಲ್ಲ. ಆದ್ರೆ ಬಯಲಲ್ಲಿ ನೇರ ಓಡಿ ಅದರಿಂದ ತಪ್ಪಿಸ್ಕೊಳ್ಳೋಕೆ ಯಾರಿಗೂ ಆಗಲ್ಲ, ಓಡಬೇಕಾದ್ದು ಯಾವುದಾದ್ರೂ ಗಟ್ಟಿ ವಸ್ತುವಿನ ಹಿಂದಕ್ಕೆ, ದಪ್ಪ ಮರ, ಬಂಡೆ, ಕಾರು. ಮರದ ಸುತ್ತ ತಿರುಗೋದರಲ್ಲಿ ಮನುಷ್ಯ ಮೂಸ್‌ಗಿಂತ ಚುರುಕು. ಎಷ್ಟೋ ಸಲ ಅದು ಅರ್ಧಕ್ಕೇ ನಿಲ್ಲುತ್ತೆ, ನಿಲ್ಲುತ್ತಾ ನೋಡೋಣ ಅಂತ ಕಾಯೋದು ಮಾತ್ರ ಬೇಡ. ಕೆಳಗೆ ಬೀಳಿಸಿಬಿಟ್ರೆ ಮುದುಡಿಕೊಂಡು ಮಲಗಿ, ಎರಡೂ ಕೈ ತಲೆ ಕತ್ತಿನ ಮೇಲಿಟ್ಟು ಮುಚ್ಚಿಕೊಳ್ಳಿ, ಬ್ಯಾಗ್ ಬೆನ್ನ ಮೇಲೇ ಇರ್ಲಿ, ಅಲ್ಲಾಡಬೇಡಿ. ಬೇಗ ಎದ್ದವರ ಮೇಲೆ ಅದು ಮತ್ತೆ ಬರಬಹುದು, ಚೆನ್ನಾಗಿ ದೂರ ಹೋದ ಮೇಲೆ ಏಳಿ.

ನಿಮ್ಮ ಗುಂಪಲ್ಲಿ ಅಮ್ಮ ಓಡೋಕಾಗಲ್ಲ, ಮಗಳನ್ನ ಎತ್ಕೋಬೇಕು. ಅದಕ್ಕೇ ನಿಮಗೆ ಮಾತ್ರ ಒಂದು ಬೇರೆ ನಿಯಮ ಹೇಳ್ತೀನಿ, ಕಾರಿಳಿದು ನಿಂತಾಗ ಮೂಸ್ ಎಷ್ಟು ದೂರ ಇದೆ ಅನ್ನೋದರ ಜೊತೆಗೆ ಕಾರು ಎಷ್ಟು ದೂರ ಇದೆ ಅಂತನೂ ನೋಡಿ, ಅಮ್ಮನಿಂದ ಕಾರಿನ ಡೋರ್ ನಾಲ್ಕು ಹೆಜ್ಜೆ ಮೀರಬಾರದು, ಡೋರ್ ಲಾಕ್ ಆಗಿರಬಾರದು. ಯಾರು ಮಗಳನ್ನ ಎತ್ಕೊಳ್ಳೋದು, ಯಾರು ಅಮ್ಮನ ಕೈ ಹಿಡಿಯೋದು ಅಂತ ಇಳಿಯೋ ಮುಂಚೆನೇ ಮಾತಾಡ್ಕೊಳ್ಳಿ.

ಇನ್ನು ಡ್ರೈವಿಂಗ್, ಇದನ್ನ ಜನ ಮರೀತಾರೆ. ನಸುಕಲ್ಲಿ ಹೋಗ್ತೀರಿ, ಕತ್ತಲಾದ ಮೇಲೆ ಬರ್ತೀರಿ, ಮೂಸ್ ರಸ್ತೆ ದಾಟೋ ಹೊತ್ತೂ ಅದೇ. ಜಿಂಕೆಯ ಕಣ್ಣು ಹೆಡ್‌ಲೈಟಿಗೆ ಹೊಳೆಯುತ್ತೆ, ಮೂಸ್‌ನ ತಲೆ ಅಷ್ಟು ಮೇಲಿರೋದರಿಂದ ಕಣ್ಣು ಬೆಳಕಿಗೆ ಸಿಗದೇನೂ ಹೋಗಬಹುದು, ಮೈ ಬೇರೆ ಕಪ್ಪು ಕಂದು, ರಸ್ತೆಯಲ್ಲಿ ನಿಂತಿದ್ರೂ ಹತ್ರ ಬರೋವರೆಗೆ ಗೊತ್ತಾಗಲ್ಲ. ಗುದ್ದಿದ್ರೆ ಬಂಪರ್ ತಾಗೋದು ಕಾಲಿಗೆ, ದೇಹ ಪೂರ್ತಿ ಬಾನೆಟ್ ಮೇಲಿಂದ ಮುಂದಿನ ಗಾಜಿಗೆ ಬರುತ್ತೆ, ಒಳಗೆ ಕೂತವರಿಗೆ ಅದೇ ಅಪಾಯ. ಗ್ರ್ಯಾಂಡ್ ಲೇಕ್, ಗ್ರಾನ್ಬಿ ನಡುವಿನ ರಸ್ತೆಯಲ್ಲಿ ಆ ಹೊತ್ತಲ್ಲಿ ಸ್ಪೀಡ್ ಲಿಮಿಟ್‌ಗಿಂತ ಕಮ್ಮೀಲೇ ಓಡಿಸಿ, ಪಕ್ಕದವರು ರಸ್ತೆ ಅಂಚು ನೋಡ್ತಾ ಇರ್ಲಿ. ಒಂದು ತಾಯಿ ದಾಟಿದ್ರೆ ಹಿಂದೆ ಮರಿ ಬರುತ್ತೆ, ನಿಂತು ಕಾಯಿರಿ.

ಕವುನೀಚಿಯಲ್ಲಿ ಎರಡು ಬೆಳಿಗ್ಗೆ ನೋಡಿದ್ರೂ ಕಾಣ್ಲಿಲ್ಲ ಅಂದ್ರೆ ಇನ್ನೊಂದು ದಿನ ವಾಲ್ಡನ್ ಕಡೆ ಸ್ಟೇಟ್ ಫಾರೆಸ್ಟ್ ಸ್ಟೇಟ್ ಪಾರ್ಕಿಗೆ ಹೋಗಿ, ಹೈವೇ 14ರಲ್ಲಿ, ಮೊದಲ 24 ಮೂಸ್‌ಗಳನ್ನ ಬಿಟ್ಟ ಸೀಮೆ ಅದು. ಗೂಲ್ಡ್ (Gould) ಅನ್ನೋ ಪುಟ್ಟ ಊರಿನ ಹತ್ರ ಮೂಸ್ ವಿಸಿಟರ್ ಸೆಂಟರ್ ಇದೆ, ಮೊದಲು ಅಲ್ಲಿಗೆ ಹೋಗಿ 'ಇವತ್ತು ಎಲ್ಲಿ ಕಂಡಿದೆ, ತಾಯಿ ಮರಿ ಎಲ್ಲಿವೆ, ಯಾವ ಟ್ರೇಲ್ ಬೇಡ' ಅಂತ ಮೂರೂ ಕೇಳ್ಕೊಳ್ಳಿ. ಅಲ್ಲಿಂದ ಅರೋರಾಗೆ ವಾಪಸ್ ದೂರದ ದಾರಿ, ಸಂಜೆಯ ಹೊತ್ತು ಮೂಸ್ ನೋಡ್ಬೇಕು ಅನ್ನೋದಾದ್ರೆ ರಾತ್ರಿ ಅಲ್ಲೇ ಎಲ್ಲಾದ್ರೂ ಉಳ್ಕೊಂಡು ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ.